ಇಲಿ ಬಿದ್ದ ಮೇಲೆ ಊರು ಬಿಟ್ಟವರ ಲೆಕ್ಕ

‘ಇಲಿ ಬಿದ್ದಾವ’ ಎಂಬ ಎರಡು ಮಾತು ಸಾಕಿತ್ತು, ಧಾರವಾಡ ಸೀಮೆಯ ಊರುಗಳು ಮನೆಗೆ ಕೀಲಿ ಹಾಕಿ ಹೊಲದ ಕಡೆ ನಡೆಯುತ್ತಿದ್ದವು. ಮಾಳಿಗೆಯ ತೊಲೆಗಳ ಸಂದಿನಿಂದ, ಕಣಜದ ಹಿಂದಿನಿಂದ ಇಲಿಗಳು ತೂರಾಡುತ್ತ ಹೊರಬಂದು ಸತ್ತು ಬೀಳುವುದು, ಅದಾದ ಕೆಲವು ದಿನಗಳಲ್ಲೇ ಮನುಷ್ಯರ ತೊಡೆಸಂದಿಯಲ್ಲೋ ಕಂಕುಳಲ್ಲೋ ಗಡ್ಡೆ ಏಳುವುದು, ಜ್ವರದ ಬಾಯಿಗೆ ಸಿಕ್ಕವರು ವಾರದೊಳಗೆ ಹೋಗಿಬಿಡುವುದು: ಪ್ಲೇಗಿನ ಈ ಸರಣಿಯನ್ನು 1898ರ ನಂತರದ ವರ್ಷಗಳಲ್ಲಿ ಇಲ್ಲಿನ ರೈತರು ಯಾವ ಪುಸ್ತಕದ ನೆರವೂ ಇಲ್ಲದೆ ಕಂಡುಕೊಂಡರು. ಕಂಡುಕೊಂಡದ್ದಷ್ಟೇ ಅಲ್ಲ, ಅದರಂತೆ ನಡೆದರು. ಇಂದು ಸಾರ್ವಜನಿಕ ಆರೋಗ್ಯವನ್ನು ಕಲಿಸುವ ಕಡೆಗಳಲ್ಲಿ ಮೊದಲು ಕೇಳುವ ಪ್ರಶ್ನೆ, ಜನ ತಮಗೆ ಒಳ್ಳೆಯದಾಗುವ ಸಲಹೆಯನ್ನು ಯಾಕೆ ಪಾಲಿಸುವುದಿಲ್ಲ ಎಂಬುದು. ಉತ್ತರವನ್ನು ಸಾಮಾನ್ಯವಾಗಿ ಜನರ ನಂಬಿಕೆಯಲ್ಲಿ, ತಿಳಿವಳಿಕೆಯಲ್ಲಿ, ಮನಸ್ಸಿನ ಸಿದ್ಧತೆಯಲ್ಲಿ ಹುಡುಕುತ್ತಾರೆ. ಧಾರವಾಡ ಜಿಲ್ಲೆಯ ಪ್ಲೇಗಿನ ಚರಿತ್ರೆ ಈ ಹುಡುಕಾಟದ ಕ್ರಮವನ್ನೇ ತಿರುಗಿಸಬೇಕು ಎನ್ನುತ್ತದೆ ಎಂಬುದು ನನ್ನ ವಾದ. ನಂಬಿಕೆಯನ್ನು ಅಳೆಯುವುದಕ್ಕೆ ಮೊದಲು, ಸಲಹೆಯಂತೆ ನಡೆದರೆ ಎಷ್ಟು ಖರ್ಚು ಬೀಳುತ್ತದೆ, ಆ ಖರ್ಚು ಯಾರ ತಲೆಯ ಮೇಲೆ ಬೀಳುತ್ತದೆ ಎಂದು ಕೇಳಬೇಕು.

ಆರೋಗ್ಯದ ನಡವಳಿಕೆ ಕುರಿತ ಸಿದ್ಧಾಂತಗಳಲ್ಲಿ ಹೆಚ್ಚು ಹೆಸರಾದದ್ದು ‘ಆರೋಗ್ಯ ನಂಬಿಕೆ ಮಾದರಿ’. ಅದು ಹುಟ್ಟಿದ್ದು ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆಯಲ್ಲಿ, 1950ರ ದಶಕದಲ್ಲಿ. ಕ್ಷಯ ಇದೆಯೇ ಎಂದು ತಿಳಿಯಲು ಎದೆಯ ಎಕ್ಸ್‌ರೇ ತೆಗೆಯುವ ಗಾಡಿಗಳು ಜನವಸತಿಗಳ ಬಾಗಿಲಿಗೇ ಹೋಗುತ್ತಿದ್ದವು, ದುಡ್ಡು ಕೇಳುತ್ತಿರಲಿಲ್ಲ, ಆದರೂ ಬಹಳ ಜನ ಬರುತ್ತಿರಲಿಲ್ಲ. ಯಾಕೆ ಎಂದು ಗಾಡ್‌ಫ್ರೇ ಹೊಕ್‌ಬಾಮ್ ಎಂಬ ಮನೋವಿಜ್ಞಾನಿ ಮೂರು ನಗರಗಳಲ್ಲಿ ವಿಚಾರಿಸಿದರು. ತಮಗೂ ಕ್ಷಯ ತಗಲಬಹುದು, ಬೇಗ ಪತ್ತೆಯಾದರೆ ಒಳ್ಳೆಯದು ಎಂಬ ಎರಡೂ ನಂಬಿಕೆ ಇದ್ದವರಲ್ಲಿ ನೂರಕ್ಕೆ 82 ಮಂದಿ ತಾವಾಗಿಯೇ ಎಕ್ಸ್‌ರೇ ತೆಗೆಸಿಕೊಂಡಿದ್ದರು. ಎರಡೂ ನಂಬಿಕೆ ಇಲ್ಲದವರಲ್ಲಿ 21 ಮಂದಿ ಮಾತ್ರ. ಈ ಅಂತರ ಸಣ್ಣದಲ್ಲ, ಅದರ ಮೇಲೆ ಒಂದು ಮಾದರಿ ಕಟ್ಟಿದ್ದರಲ್ಲಿ ತಪ್ಪೂ ಇಲ್ಲ. ಅಪಾಯ ತನಗಿದೆ ಎಂಬ ಅರಿವು, ಅದು ಎಷ್ಟು ಘೋರ ಎಂಬ ಅಂದಾಜು, ಸಲಹೆಯಿಂದ ಆಗುವ ಲಾಭ, ಅಡ್ಡ ಬರುವ ತೊಡಕು, ಎಚ್ಚರಿಸುವ ಒಂದು ಸೂಚನೆ, ಇವು ಕೂಡಿದರೆ ಮನುಷ್ಯ ನಡೆಯುತ್ತಾನೆ ಎಂಬುದು ಅದರ ಸಾರ. ಮುಂದೆ 1977ರಲ್ಲಿ ಆಲ್ಬರ್ಟ್ ಬಂಡೂರ, ‘ಇದು ನನ್ನ ಕೈಲಾಗುತ್ತದೆ’ ಎಂಬ ಆತ್ಮವಿಶ್ವಾಸದ ಮಾತನ್ನು ಮುಂದಿಟ್ಟರು, ಅದೂ ಈ ಮಾದರಿಯೊಳಗೆ ಬಂದು ಸೇರಿತು. ಆದರೆ ಹೊಕ್‌ಬಾಮ್ ನೋಡಿದ ಊರುಗಳ ಸ್ಥಿತಿಯನ್ನು ನೆನಪಿಡಬೇಕು. ಅಲ್ಲಿ ಖರ್ಚನ್ನು ಸರ್ಕಾರ ಮೊದಲೇ ತೆಗೆದುಹಾಕಿತ್ತು. ಗಾಡಿ ಬಾಗಿಲಲ್ಲಿತ್ತು, ಕೆಲಸ ಕೆಲವು ನಿಮಿಷದ್ದಾಗಿತ್ತು. ಖರ್ಚು ಸೊನ್ನೆಗೆ ಹತ್ತಿರವಾದಾಗ ಉಳಿಯುವ ವ್ಯತ್ಯಾಸ ನಂಬಿಕೆಯದೇ ಆಗಿರುತ್ತದೆ. ಖರ್ಚು ಬೆಟ್ಟದಷ್ಟಿರುವ ಕಡೆ ಅದೇ ಅಳತೆಗೋಲು ಬೇರೆ ಉತ್ತರ ಕೊಡುತ್ತದೆ.

ಆ ಖರ್ಚು ಎಂಥದ್ದು ಎಂದು ಕಾಣಲು ಪ್ಲೇಗು ಬಂದ ದಾರಿಯನ್ನು ನೋಡಬೇಕು. 1896ರ ಸೆಪ್ಟೆಂಬರಿನಲ್ಲಿ ಮುಂಬಯಿಯಲ್ಲಿ ಗುರುತಿಸಲಾದ ರೋಗ ಒಂದೆರಡು ವರ್ಷದಲ್ಲಿ ಹುಬ್ಬಳ್ಳಿ ಮುಟ್ಟಿತು. ಹುಬ್ಬಳ್ಳಿ ಆಗ ಹತ್ತಿಯ ಪೇಟೆ, ಸದರ್ನ್ ಮರಾಠಾ ರೈಲ್ವೆಯ ಕಾರ್ಖಾನೆಯ ಊರು. ಆ ರೈಲ್ವೆಯ ಮುಖ್ಯ ಕಚೇರಿ ಇದ್ದದ್ದು ಧಾರವಾಡದಲ್ಲಿ, ಇಂದು ಕರ್ನಾಟಕ ಕಾಲೇಜು ಇರುವ ಕಟ್ಟಡದಲ್ಲಿ. ಕಾಳಿನ ಚೀಲ, ಹತ್ತಿಯ ಅಂಡಿಗೆಗಳ ಜೊತೆಗೆ ಇಲಿಯೂ ಅದರ ಮೈಮೇಲಿನ ಚಿಗಟವೂ ಪಯಣಿಸಿದವು. 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗು ತಲುಪಿದ್ದೂ ಹುಬ್ಬಳ್ಳಿಯ ಕಡೆಯಿಂದ ಬಂದ ಇದೇ ರೈಲಿನ ದಾರಿಯಲ್ಲಿ. ಸರ್ಕಾರದ ಉತ್ತರ 1897ರ ಸಾಂಕ್ರಾಮಿಕ ರೋಗಗಳ ಕಾಯಿದೆ. ಮನೆ ಹೊಕ್ಕು ಹುಡುಕುವುದು, ರೋಗಿಯನ್ನು ಆಸ್ಪತ್ರೆಗೆ ಎಳೆದೊಯ್ಯುವುದು, ಮನೆಯವರನ್ನು ಛಾವಣಿಯಲ್ಲಿ, ಅಂದರೆ ಪ್ರತ್ಯೇಕ ಶಿಬಿರದಲ್ಲಿ, ಕೂಡಿಹಾಕುವುದು, ಬಟ್ಟೆಬರೆ ಸುಡುವುದು, ಹೆಂಚು ಕಿತ್ತು ಬಿಸಿಲು ಬಿಡುವುದು, ರೈಲು ನಿಲ್ದಾಣದಲ್ಲಿ ಹೆಂಗಸರನ್ನೂ ಬಿಡದೆ ಮೈ ಮುಟ್ಟಿ ನೋಡುವುದು, ಎಲ್ಲಕ್ಕೂ ಆ ಕಾಯಿದೆ ಬಲ ಕೊಟ್ಟಿತು. ಪುಣೆಯಲ್ಲಿ ಸೈನಿಕರಿಂದ ಇದನ್ನು ಮಾಡಿಸಿದ ಪ್ಲೇಗ್ ಅಧಿಕಾರಿ ರ್‍ಯಾಂಡನಿಗೆ 1897ರ ಜೂನ್ 22ರ ರಾತ್ರಿ ಚಾಪೇಕರ್ ಸಹೋದರರು ಗುಂಡು ಹಾರಿಸಿದರು. 1898ರ ಮಾರ್ಚಿನಲ್ಲಿ ಮುಂಬಯಿಯಲ್ಲಿ ದಂಗೆಯಾಯಿತು. ಅದೇ ವರ್ಷ ಮೈಸೂರು ಸಂಸ್ಥಾನದ ಶ್ರೀರಂಗಪಟ್ಟಣದ ಹತ್ತಿರದ ಗಂಜಾಮಿನಲ್ಲೂ ಜನ ತಿರುಗಿಬಿದ್ದರು. ಅಂದಿನ ಅಧಿಕಾರಿಗಳ ಬರಹಗಳಲ್ಲಿ ಇದಕ್ಕೆಲ್ಲ ಒಂದೇ ವಿವರಣೆ: ಅಜ್ಞಾನ, ಮೂಢನಂಬಿಕೆ. ವಿವರಣೆ ಕೊಟ್ಟವರು ಸ್ವತಃ ಇಲಿಯನ್ನು ಬಿಟ್ಟು ನೆಲ ಗೋಡೆಗಳನ್ನು ರಸಾಯನದಿಂದ ತೊಳೆಸುತ್ತಿದ್ದರು. ಇಲಿಯ ಚಿಗಟವೇ ರೋಗ ಹರಡುತ್ತದೆ ಎಂದು ಪೌಲ್-ಲೂಯಿ ಸಿಮೊಂಡ್ 1898ರಲ್ಲಿ ಹೇಳಿದ್ದನ್ನು ವೈದ್ಯಲೋಕ ಒಪ್ಪಿದ್ದು, 1905ರಲ್ಲಿ ಆರಂಭವಾದ ಪ್ಲೇಗ್ ಸಂಶೋಧನಾ ಆಯೋಗದ ಪ್ರಯೋಗಗಳು ಮುಗಿದ ಮೇಲೆ.

ಅಷ್ಟು ಹೊತ್ತಿಗೆ ಹಳ್ಳಿಗಳು ತಮ್ಮ ಪಾಠ ಕಲಿತಿದ್ದವು. ಇಲಿ ಬಿದ್ದರೆ ಊರು ಬಿಡು, ಬೀಳುವುದು ನಿಂತು ಬಹಳ ದಿನ ಆದ ಮೇಲೆ ತಿರುಗಿ ಬಾ. ಹೊಲದ ಗುಡಿಸಲಲ್ಲಿ ಇಲಿಗೆ ಅಡಗಲು ಮಾಳಿಗೆ ಇಲ್ಲ, ತಿನ್ನಲು ಕಾಳಿನ ರಾಶಿ ಇಲ್ಲ. ಮನೆಯೊಳಗಿನ ಚಿಗಟಗಳು ಊಟವಿಲ್ಲದೆ ಸಾಯುತ್ತವೆ. ಯಾಕೆ ಎಂದು ಹೇಳಲು ಬರದಿದ್ದರೂ ಏನು ಮಾಡಬೇಕು ಎಂಬುದು ಸರಿಯಾಗಿತ್ತು. ಕೊನೆಗೆ ಸರ್ಕಾರವೂ ಬಲವಂತದ ಹುಡುಕಾಟ ಕೈಬಿಟ್ಟು, ಊರು ತೆರವು ಮಾಡುವುದೇ ಹಳ್ಳಿಗಾಡಿಗೆ ತಕ್ಕ ಉಪಾಯ ಎಂಬ ಕಡೆಗೆ ವಾಲಿತು. ಈ ನಡೆಗೆ ಇಲ್ಲೊಂದು ಹಳೆಯ ಅಚ್ಚೂ ಸಿದ್ಧವಿತ್ತು. ಊರಿಗೆ ಬೇನೆ ಬಂದಾಗ ದ್ಯಾಮವ್ವನಿಗೋ ದುರ್ಗವ್ವನಿಗೋ ಹರಕೆ ಹೊತ್ತು ವಾರ ಹಿಡಿಯುವುದು, ಮನೆಗಳಿಗೆ ಬೀಗ ಹಾಕಿ ಊರವರೆಲ್ಲ ಒಂದು ದಿನ ಗಡಿಯ ಆಚೆ ಅಡಿಗೆ ಮಾಡಿ ಉಂಡು ಬರುವ ಹೊರಬೀಡು ಹಿಡಿಯುವುದು ಮಧ್ಯ ಮತ್ತು ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಇಂದಿಗೂ ಅಳಿದಿಲ್ಲ. ಇಂಥ ಆಚರಣೆಗಳನ್ನು ಆರೋಗ್ಯ ಇಲಾಖೆಗಳು ವೈದ್ಯಕ್ಕೆ ಎದುರಾದ ಸಂಗತಿ ಎಂದೇ ಬಹುಕಾಲ ಬಗೆದವು. ಆದರೆ ಊರು ಬಿಡುವಂಥ ಕಷ್ಟದ ಕೆಲಸವನ್ನು ಒಬ್ಬೊಬ್ಬರೇ ತೀರ್ಮಾನಿಸಬೇಕಾಗಿದ್ದರೆ ಅದು ಆಗುತ್ತಿತ್ತೆಂದು ನನಗೆ ಅನ್ನಿಸುವುದಿಲ್ಲ. ಗೌಡರು, ಹಿರಿಯರು ಕೂಡಿ ದಿನ ಗೊತ್ತುಮಾಡಿದರೆ ಯಾರೂ ಹೆದರುಪುಕ್ಕಲರಲ್ಲ, ಯಾರೂ ಹಿಂದೆ ಉಳಿಯುವಂತಿಲ್ಲ. ಬಂಡೂರ ಒಬ್ಬ ಮನುಷ್ಯನೊಳಗೆ ಹುಡುಕಿದ ‘ಕೈಲಾಗುತ್ತದೆ’ ಎಂಬ ಭರವಸೆ ಇಲ್ಲಿ ಊರಿಗೆ ಊರೇ ಹೊತ್ತುಕೊಂಡದ್ದು.

ನಂಬಿಕೆ ಎಲ್ಲ ಕಡೆ ಒಂದೇ, ಖರ್ಚು ಮಾತ್ರ ಒಂದೇ ಅಲ್ಲ. ಧಾರವಾಡ ಜಿಲ್ಲೆಯಲ್ಲಿ ಪ್ಲೇಗಿನ ಉಬ್ಬರ ಮಳೆಗಾಲದ ನಡುವಿನಿಂದ ಚಳಿಗಾಲದವರೆಗೆ. ಅಂದರೆ ಊರು ಬಿಡಬೇಕಾದದ್ದು ಹೊಲದಲ್ಲಿ ಮಲಗಲು ಅತಿ ಕಷ್ಟದ ತಿಂಗಳುಗಳಲ್ಲಿ. ಪೂರ್ವದ ನವಲಗುಂದ, ಅಣ್ಣಿಗೇರಿಯ ಎರೆ ಸೀಮೆಯಲ್ಲಿ ಮಳೆ ಕಡಿಮೆ. ಆದರೆ ಒಂದು ಅಡ್ಡಮಳೆ ಬಿದ್ದರೂ ಕರಿಮಣ್ಣು ಕಾಲಿಗೆ ಮೆತ್ತಿ ಹೆಜ್ಜೆ ಕಿತ್ತಿಡಲು ಬಿಡುವುದಿಲ್ಲ. ಕಟ್ಟಿಗೆ, ಬಿದಿರು ದೂರದಿಂದ ಬರಬೇಕು. ವರ್ಷದ ಜೋಳ ಊರೊಳಗಿನ ಹಗೇವುಗಳಲ್ಲಿ ಹೂತಿರುತ್ತದೆ, ಅದನ್ನು ಬಿಟ್ಟು ಹೋಗುವುದೆಂದರೆ ಕಳ್ಳರಿಗೆ ಬಾಗಿಲು ತೆರೆದಂತೆ. ಪಡುವಣ ಅಂಚಿನ ಕಲಘಟಗಿ ತಾಲ್ಲೂಕಿನಲ್ಲಿ ಲೆಕ್ಕ ಬೇರೆ. ದೇವಿಕೊಪ್ಪ ಅಂಥ ಊರು: ಬಯಲು ಸೀಮೆ ಮುಗಿದು ಕಾಡು ಶುರುವಾಗುವ ಕಡೆ, ಭತ್ತ ಬೆಳೆಯುವ ನೆಲ. ಗುಡಿಸಲಿಗೆ ಬೇಕಾದ ಗಳ, ಬಿದಿರು, ಸೊಪ್ಪು ಕಣ್ಣೆದುರೇ ಇವೆ. ಆದರೆ 1878ರ ಅರಣ್ಯ ಕಾಯಿದೆಯ ಬಳಿಕ ಕಾಡಿಗೆ ಗಡಿಕಲ್ಲು ಬಿದ್ದಿದ್ದವು, ಕಾದಿಟ್ಟ ಕಾಡಿನ ಮರಕ್ಕೆ ಕೊಡಲಿ ಹಾಕಿದರೆ ದಂಡ. ಗದ್ದೆಯಲ್ಲಿ ನೀರು ನಿಂತಿರುವ ಕಾಲದಲ್ಲಿ ಮಲಗಲು ಉಳಿಯುವುದು ದಿಬ್ಬ, ಇಲ್ಲವೆ ಕಾಡಿನ ಅಂಚು, ಅಲ್ಲಿ ಕಾಯುತ್ತಿರುವುದು ಚಳಿಜ್ವರ. ಭತ್ತದ ಕಳೆ, ಕೊಯ್ಲು ಯಾವುದೂ ಪ್ಲೇಗಿಗಾಗಿ ಕಾಯುವುದಿಲ್ಲ. ಪ್ಲೇಗಿಗೆ ಹೆದರಿ ಮಲೇರಿಯಾಕ್ಕೆ ಮೈ ಕೊಡುವ ಈ ಆಯ್ಕೆಯನ್ನು ಯಾವ ಪ್ರಶ್ನಾವಳಿಯಲ್ಲಿ ‘ತೊಡಕು’ ಎಂಬ ಒಂದು ಮನೆಯಲ್ಲಿ ತುಂಬುವುದು? ಒಂದೇ ಊರಿನಲ್ಲೂ ಖರ್ಚು ಸಮನಾಗಿರಲಿಲ್ಲ. ಹೊಲ ಇದ್ದವನಿಗೆ ಗುಡಿಸಲು ಹಾಕಲು ತನ್ನದೇ ಜಾಗ. ಹೊಲವಿಲ್ಲದ ಕೂಲಿಯವನು ಇನ್ನೊಬ್ಬರ ಬದುವಿನ ಮೇಲೆ ಅವರ ಮರ್ಜಿಯಲ್ಲಿ ಇರಬೇಕು. ಊರು ಕಾಯುವುದೇ ಹೊಣೆಯಾಗಿದ್ದ ತಳವಾರರಿಗೆ ಖಾಲಿ ಊರನ್ನೂ ಕಾಯುವ ಕೆಲಸ. ಎಲ್ಲರೂ ಯಾವ ಅಪಾಯದಿಂದ ದೂರ ಹೋದರೋ ಅದರ ಬಾಯಲ್ಲೇ ಅವರು ನಿಲ್ಲಬೇಕಾಗಿತ್ತು.

ಇದರ ಪಕ್ಕಕ್ಕೆ 1898ರ ಹುಬ್ಬಳ್ಳಿಯ ಚುಚ್ಚುಮದ್ದನ್ನು ಇಟ್ಟು ನೋಡಬೇಕು. ವಾಲ್ಡೆಮಾರ್ ಹಾಫ್‌ಕಿನ್ ಮುಂಬಯಿಯ ಗ್ರಾಂಟ್ ಮೆಡಿಕಲ್ ಕಾಲೇಜಿನ ಪ್ರಯೋಗಾಲಯದಲ್ಲಿ ಕೊಂದ ರೋಗಾಣುಗಳಿಂದ ಲಸಿಕೆ ಮಾಡಿ 1897ರ ಜನವರಿ 10ರಂದು ಮೊದಲು ತನ್ನ ಮೈಗೇ ಚುಚ್ಚಿಸಿಕೊಂಡಿದ್ದರು. ಮರು ವರ್ಷದ ಮಳೆಗಾಲದಲ್ಲಿ ಸರ್ಜನ್-ಕ್ಯಾಪ್ಟನ್ ಲ್ಯೂಮನ್ ಮತ್ತು ವೈದ್ಯೆ ಆಲಿಸ್ ಕೊರ್ಥೋರ್ನ್ ಹುಬ್ಬಳ್ಳಿಯಲ್ಲಿ ಆ ಲಸಿಕೆಯನ್ನು ಮೂವತ್ತು ಸಾವಿರಕ್ಕೂ ಹೆಚ್ಚು ಜನರಿಗೆ ಹಾಕಿದರು. ಆಗಿನ ಹುಬ್ಬಳ್ಳಿಯಲ್ಲಿ ಇದ್ದದ್ದೇ ಐವತ್ತು ಸಾವಿರದ ಆಸುಪಾಸು ಜನ. ಸೂಜಿಯ ಬಗ್ಗೆ ದೇಶದ ತುಂಬ ಭಯಂಕರ ಸುದ್ದಿಗಳು ಹಬ್ಬಿದ್ದ ವರ್ಷ ಅದು. ಚುಚ್ಚಿಸಿಕೊಂಡರೆ ಒಂದೆರಡು ದಿನ ಜ್ವರ, ತೋಳು ಎತ್ತಲಾಗದ ನೋವು, ರಕ್ಷಣೆಯೂ ಕೆಲವೇ ತಿಂಗಳು. ನಂಬಿಕೆಯ ತಕ್ಕಡಿಯಲ್ಲಿ ತೂಗಿದರೆ ಹುಬ್ಬಳ್ಳಿ ಸೋಲಬೇಕಾಗಿತ್ತು. ಅದು ಗೆದ್ದದ್ದಕ್ಕೆ ಕಾರಣ ಉಪದೇಶವಲ್ಲ ಎಂದು ನಾನು ತಿಳಿಯುತ್ತೇನೆ. ಸಾವು ಪ್ರತಿ ಓಣಿಯಲ್ಲಿ ಕಾಣುತ್ತಿತ್ತು, ಚುಚ್ಚಿಸಿಕೊಂಡವರು ಕಡಿಮೆ ಸಾಯುತ್ತಿದ್ದದ್ದೂ ಅದೇ ಓಣಿಯಲ್ಲಿ ಕಾಣುತ್ತಿತ್ತು. ಲಸಿಕೆಯ ಚೀಟಿ ಇದ್ದವರಿಗೆ ಪ್ರತ್ಯೇಕ ಛಾವಣಿಯ ವಾಸದಿಂದ, ಪ್ರಯಾಣದ ತಡೆಯಿಂದ ವಿನಾಯಿತಿ ಸಿಗುತ್ತಿತ್ತು. ಹೆಂಗಸರ ಮುಂದೆ ವೈದ್ಯೆಯೊಬ್ಬರು ಇದ್ದರು. ಸಂಸಾರ ಒಡೆಯದೆ, ಅಂಗಡಿ ಮುಚ್ಚದೆ, ಕಾರ್ಖಾನೆಯ ಹಾಜರಿ ತಪ್ಪದೆ ಬದುಕಿ ಉಳಿಯುವ ದಾರಿ ಅದೊಂದೇ ಆಗಿತ್ತು. ಎರಡು ದಿನದ ಜ್ವರ ಆ ಹೊತ್ತಿಗೆ ಎಲ್ಲಕ್ಕಿಂತ ಅಗ್ಗದ ಖರ್ಚು.

ಇದನ್ನು ನಡವಳಿಕೆಯ ಬದಲಾವಣೆ ಎನ್ನಲಾಗದು, ಇದು ಒತ್ತಾಯ ಎಂದು ಯಾರಾದರೂ ಹೇಳಬಹುದು. ಛಾವಣಿಯ ಹೆದರಿಕೆ ಹುಟ್ಟಿಸಿ, ಅದರಿಂದ ಬಿಡುಗಡೆಯನ್ನು ಲಸಿಕೆಗೆ ಬೆಲೆಯಾಗಿ ಇಟ್ಟರೆ ಜನ ಒಪ್ಪಿದ್ದರಲ್ಲಿ ಏನಿದೆ ಎಂಬ ಮಾತಿನಲ್ಲಿ ಹುರುಳಿದೆ. ಕಾಯಿದೆಯ ನೆರಳಿಲ್ಲದೆ ಹುಬ್ಬಳ್ಳಿಯ ಸಂಖ್ಯೆ ಅಷ್ಟಾಗುತ್ತಿರಲಿಲ್ಲ. ಆದರೆ ಒತ್ತಾಯವೇ ಸಾಲುವಂತಿದ್ದರೆ ಪುಣೆಯಲ್ಲೂ ಸಾಕಾಗಬೇಕಿತ್ತು. ಅಲ್ಲಿ ಪಾಲಿಸಿದವನಿಗೆ ಸಿಕ್ಕದ್ದು ಮನೆಮಂದಿಯ ಅಗಲಿಕೆ, ಸುಟ್ಟ ಹಾಸಿಗೆ, ಕಳೆದುಹೋದ ಸಾಮಾನು. ಹುಬ್ಬಳ್ಳಿಯಲ್ಲಿ ಪಾಲಿಸಿದವನಿಗೆ ಸಿಕ್ಕದ್ದು ಮನೆಯಲ್ಲೇ ಉಳಿಯುವ ಹಕ್ಕು. ಅಲ್ಲದೆ ಖರ್ಚು ಬದಲಾದಾಗ ಒಪ್ಪಿಗೆಯೂ ಬದಲಾದದ್ದಕ್ಕೆ ಇನ್ನೊಂದು ಸಾಕ್ಷಿ ಇದೆ. 1902ರ ಅಕ್ಟೋಬರಿನಲ್ಲಿ ಪಂಜಾಬಿನ ಮುಲ್ಕೋವಾಲ ಎಂಬ ಹಳ್ಳಿಯಲ್ಲಿ ಒಂದು ಶೀಶೆಯ ಲಸಿಕೆ ಕೆಟ್ಟು, ಅದನ್ನು ಚುಚ್ಚಿಸಿಕೊಂಡ 19 ಜನ ಧನುರ್ವಾಯುವಿನಿಂದ ಸತ್ತರು. ಹಾಫ್‌ಕಿನ್ ಅವರ ಮೇಲೆ ಹೊರಿಸಿದ ತಪ್ಪು 1907ರಲ್ಲಿ ಕಳಚಿತಾದರೂ ಲಸಿಕೆಯ ಮೇಲಿನ ಭರವಸೆಗೆ ಬಿದ್ದ ಪೆಟ್ಟು ಬೇಗ ಮಾಯಲಿಲ್ಲ. ಪಂಜಾಬಿನ ರೈತ ಸೂಜಿಗೆ ಹೆದರಿದ್ದನ್ನು ಮೌಢ್ಯ ಎನ್ನುವುದು ಅನ್ಯಾಯ. ಸೂಜಿಯಿಂದ ಸಾಯಬಹುದು ಎಂಬುದು ಅವನ ಕಣ್ಣೆದುರಿನ ಸತ್ಯವಾಗಿತ್ತು.

ಎರಡನೆಯ ಆಕ್ಷೇಪ ಇನ್ನೂ ಬಲವಾದದ್ದು. ಊರು ಬಿಟ್ಟವರೆಲ್ಲ ಹೊಲಕ್ಕೆ ಹೋಗಲಿಲ್ಲ. ಹಲವರು ಬೀಗರ ಊರಿಗೆ ಓಡಿದರು, ಹಾಸಿಗೆ ಸುತ್ತಿಕೊಂಡು ಹೋದರು, ಅದರ ಮಡಿಕೆಗಳಲ್ಲಿ ಚಿಗಟಗಳನ್ನೂ ಒಯ್ದರು. ಹೆಣ ಬಚ್ಚಿಟ್ಟವರಿದ್ದರು, ರೋಗಿಯನ್ನು ಬಚ್ಚಿಟ್ಟವರಿದ್ದರು. ಹಾಗಿದ್ದರೆ ಜನರ ತಿಳಿವಳಿಕೆಯನ್ನು ಇಷ್ಟು ಹೊಗಳುವುದು ಸರಿಯೇ? ಹೊಗಳುವುದು ನನ್ನ ಉದ್ದೇಶವಲ್ಲ. ಆ ಓಟದಿಂದ ಜನ ಸತ್ತರು, ಅದನ್ನು ಮುಚ್ಚಿಟ್ಟು ಚರಿತ್ರೆ ಬರೆಯಲಾಗದು. ಆದರೆ ಯಾರು ಹೊಲಕ್ಕೆ ಹೋದರು, ಯಾರು ಬೀಗರ ಮನೆಗೆ ಓಡಿದರು ಎಂದು ಬಿಡಿಸಿ ನೋಡಿದರೆ ಮತ್ತೆ ಖರ್ಚಿನ ಲೆಕ್ಕವೇ ಎದುರಾಗುತ್ತದೆ. ಹೊಲ, ಗಳ, ಕಾಳು, ಜೊತೆಗೊಂದು ಊರು ಇದ್ದವರಿಗೆ ಹೊಲ ಸಾಧ್ಯವಾಯಿತು. ಪೇಟೆಯ ಓಣಿಯಲ್ಲಿ ಬಾಡಿಗೆಗೆ ಇದ್ದ ನೇಕಾರನಿಗೆ, ರೈಲ್ವೆಯ ಕೂಲಿಗೆ ಹುಟ್ಟಿದ ಊರೊಂದೇ ಆಸರೆ. ರೋಗಿಯನ್ನು ಬಚ್ಚಿಟ್ಟವರು ರೋಗವನ್ನು ಸುಳ್ಳೆಂದು ತಿಳಿದು ಬಚ್ಚಿಡಲಿಲ್ಲ, ತಿಳಿಸಿದರೆ ಮನೆಯವರೆಲ್ಲ ಛಾವಣಿಗೆ ಹೋಗಬೇಕಾಗುತ್ತದೆ ಎಂದು ಬಚ್ಚಿಟ್ಟರು. ಥಾಮಸ್ ಫ್ರೇಸರ್ ಅಧ್ಯಕ್ಷತೆಯ ಪ್ಲೇಗ್ ಆಯೋಗ 1898-99ರಲ್ಲಿ ದೇಶ ಸುತ್ತಿ ಸಾಕ್ಷ್ಯ ಪಡೆದು, ಹುಬ್ಬಳ್ಳಿ ಮತ್ತು ಧಾರವಾಡದ ಲಸಿಕೆಯ ಅಂಕಿಗಳಲ್ಲಿ ದೋಷಗಳಿವೆ ಎಂದೂ, ಹಾಗಿದ್ದರೂ ಲಸಿಕೆ ಕಾಯುತ್ತದೆ ಎಂದೂ ಹೇಳಿತು. ಬಲವಂತದ ಕ್ರಮಗಳಿಂದ ರೋಗ ಮರೆಗೆ ಸರಿಯುತ್ತದೆ ಎಂಬುದೂ ಅಷ್ಟು ಹೊತ್ತಿಗೆ ಸರ್ಕಾರಕ್ಕೆ ಮನವರಿಕೆಯಾಗಿತ್ತು.

ಉಳಿದದ್ದು ಸಿದ್ಧಾಂತದ ಪಕ್ಷದವರ ಮಾತು. ತೊಡಕುಗಳನ್ನು ನಮ್ಮ ಮಾದರಿ ಬಿಟ್ಟಿಲ್ಲವಲ್ಲ, ಅದರಲ್ಲೇ ಒಂದು ಅಂಗವಾಗಿ ಇದೆಯಲ್ಲ ಎಂದು ಅವರು ಕೇಳುತ್ತಾರೆ. ಇದೆ, ನಿಜ. ಆದರೆ ಅದು ‘ಮನುಷ್ಯನಿಗೆ ಅನ್ನಿಸುವ ತೊಡಕು’ ಎಂದು ಇದೆ. ಅನ್ನಿಸಿಕೆಯನ್ನು ತಿದ್ದಲು ಮಾತು ಸಾಕು, ಭಿತ್ತಿಪತ್ರ ಸಾಕು, ಶಿಬಿರ ಸಾಕು. ಗದ್ದೆಯ ನೀರನ್ನು, ಅರಣ್ಯದ ದಂಡವನ್ನು, ತಪ್ಪಿದ ಕೂಲಿಯನ್ನು ಭಿತ್ತಿಪತ್ರ ತಿದ್ದಲಾರದು. ಈ ವ್ಯತ್ಯಾಸ ಬರಿಯ ತರ್ಕದ್ದಲ್ಲ ಎಂದು ತೋರಿಸಿದ ಅಧ್ಯಯನ ನಡೆದದ್ದು ಕರ್ನಾಟಕದಲ್ಲೇ, ಅದೂ ಆ ಮಾದರಿಯನ್ನು ಹುಟ್ಟಿಸಿದ ಕ್ಷಯದ ಮೇಲೆಯೇ. ಬೆಂಗಳೂರಿನಲ್ಲಿ 1959ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯ ಇದ್ದವರನ್ನು ಹುಡುಕಿ ಮಾತಾಡಿಸಿ 1963ರಲ್ಲಿ ಪ್ರಕಟಿಸಿದ ಫಲಿತಾಂಶ ಹೀಗಿತ್ತು: ಕಫದಲ್ಲಿ ರೋಗಾಣು ಇದ್ದವರಲ್ಲಿ ನೂರಕ್ಕೆ 95ರಷ್ಟು ಜನಕ್ಕೆ ತಮ್ಮ ಮೈಯಲ್ಲಿನ ಲಕ್ಷಣಗಳ ಅರಿವಿತ್ತು, ಸುಮಾರು 72 ಮಂದಿಗೆ ಅದರ ಚಿಂತೆ ಇತ್ತು, ಅರ್ಧಕ್ಕೂ ಹೆಚ್ಚು ಮಂದಿ ಆಗಲೇ ಇಂಗ್ಲಿಷ್ ಔಷಧಿಯ ಆಸ್ಪತ್ರೆಗೆ ಹೋಗಿ ಬಂದಿದ್ದರು. ಅಲ್ಲಿ ಸಿಕ್ಕದ್ದು ಬಹುಪಾಲು ಕೆಮ್ಮಿನ ನೀರೌಷಧದ ಒಂದು ಬಾಟ್ಲಿ. ಜನರಿಗೆ ತಿಳಿಯದು, ಮನೆಮನೆಗೆ ಹೋಗಿ ಎಕ್ಸ್‌ರೇ ತೆಗೆದು ಎಬ್ಬಿಸಬೇಕು ಎಂದು ತಜ್ಞರು ಯೋಚಿಸುತ್ತಿದ್ದ ಕಾಲದಲ್ಲಿ ರೋಗಿ ತಾನೇ ನಡೆದು ಬಂದು ಬಾಗಿಲು ತಟ್ಟಿ ಬರಿಗೈಲಿ ಹಿಂತಿರುಗಿದ್ದ. 1962ರಲ್ಲಿ ರೂಪುಗೊಂಡ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ, ಕೆಮ್ಮೆಂದು ಆಸ್ಪತ್ರೆಗೆ ಬಂದವರ ಕಫವನ್ನೇ ಪರೀಕ್ಷಿಸುವ ದಾರಿ ಹಿಡಿದದ್ದು ಅಚ್ಚಾಗುವ ಮೊದಲೇ ಕೈಗೆ ಬಂದಿದ್ದ ಈ ತಿಳಿವಳಿಕೆಯ ಮೇಲೆ. ಹೊಕ್‌ಬಾಮ್ ವಿಚಾರಿಸಿದ ಡೆಟ್ರಾಯಿಟಿನಲ್ಲಿ ಗಾಡಿ ಕಾಯುತ್ತಿತ್ತು, ಜನ ಬರಲಿಲ್ಲ. ತುಮಕೂರಿನಲ್ಲಿ ಜನ ಬಂದಿದ್ದರು, ಕಾಯುವವರು ಇರಲಿಲ್ಲ. ಎರಡು ಊರಿಗೆ ಒಂದೇ ಸಿದ್ಧಾಂತವನ್ನು ಹೊದಿಸಿದರೆ ಒಂದು ಊರಿನ ತಪ್ಪು ಇನ್ನೊಂದು ಊರಿನ ಜನರ ತಲೆಗೆ ಬರುತ್ತದೆ.

ನಂಬಿಕೆಗೆ ಬೆಲೆಯೇ ಇಲ್ಲ ಎಂದಲ್ಲ. ಖರ್ಚು ಇಳಿದ ಮೇಲೂ ಹಿಂಜರಿಯುವವರು ಇರುತ್ತಾರೆ, ಅವರಿಗೆ ಹೊಕ್‌ಬಾಮ್ ಕೇಳಿದ ಪ್ರಶ್ನೆಗಳೇ ತಕ್ಕವು. ನನ್ನ ಆಗ್ರಹ ಸರದಿಯದು. 2020ರಲ್ಲಿ ಕೊರೋನಾ ಬಂದಾಗ ಸರ್ಕಾರಗಳು ಕೈಗೆತ್ತಿಕೊಂಡದ್ದು ಅದೇ 1897ರ ಕಾಯಿದೆಯನ್ನು, ಮತ್ತೆ ಮೊದಲು ಕೇಳಿಬಂದದ್ದು ಜನರಿಗೆ ಶಿಸ್ತಿಲ್ಲ ಎಂಬ ದೂರು. ಕ್ಷಯದ ವಿಚಾರದಲ್ಲಿ ಮಾತ್ರ ಸರದಿ ನಿಧಾನವಾಗಿ ತಿರುಗುತ್ತಿದೆ. 2018ರಿಂದ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ರೋಗಿಗೆ ತಿಂಗಳಿಗೆ 500 ರೂಪಾಯಿ ಬರುತ್ತಿತ್ತು, 2024ರ ನವೆಂಬರಿನಿಂದ ಅದು 1000 ಆಗಿದೆ. ಗುಳಿಗೆ ಪುಕ್ಕಟೆಯಾದರೂ ಗುಳಿಗೆ ನುಂಗುವುದು ಪುಕ್ಕಟೆಯಲ್ಲ, ಹೊಟ್ಟೆಗೆ ಬೇಕು ಎಂದು ರಾಜ್ಯ ಒಪ್ಪಿಕೊಂಡದ್ದರ ಗುರುತು ಅದು. ಕಲಘಟಗಿಯ ಕಡೆಯಿಂದ ಗೋವಾಕ್ಕೆ ಕಟ್ಟಡದ ಕೆಲಸಕ್ಕೆ ಹೋಗುವ ಕೂಲಿಯವನಿಗೆ ಆರು ತಿಂಗಳ ಔಷಧಿ ಎಂದರೆ ಆರು ತಿಂಗಳು ಒಂದೇ ಆಸ್ಪತ್ರೆಯ ಹತ್ತಿರ ಇರುವುದು, ಇಲ್ಲವೆ ಗಡಿಯಾಚೆಯ ಇನ್ನೊಂದು ಆಸ್ಪತ್ರೆಯ ಪಟ್ಟಿಗೆ ಹೆಸರು ಸೇರಿಸುವುದು. ತಿಂಗಳಿಗೆ ಸಾವಿರ ರೂಪಾಯಿ ಅವನ ಎರಡು ದಿನದ ಕೂಲಿಯನ್ನೂ ಸರಿಯಾಗಿ ತುಂಬುವುದಿಲ್ಲ. ಅವನು ನಡುವೆ ಔಷಧಿ ಬಿಟ್ಟನೆಂದು ಬರೆದುಕೊಳ್ಳುವ ಕಾಗದದಲ್ಲಿ ಕಾರಣದ ಸಾಲಿಗೆ ‘ನಿರ್ಲಕ್ಷ್ಯ’ ಎಂದು ತುಂಬುವ ಮೊದಲು, ಆ ದಿನ ಅವನಿಗೆ ಎಲ್ಲಿ ಕೆಲಸ ಇತ್ತು, ಗುಳಿಗೆ ಎಲ್ಲಿತ್ತು ಎಂಬ ಎರಡು ಪ್ರಶ್ನೆ ಅದೇ ಕಾಗದದಲ್ಲಿ ಇರಬೇಕು.